ಹಳೆಯ ಕೋಳಿಗಳ ನಡುವೆ ಹೊಸ ಹುಂಜ

ತಂದ ದಿನವೇ ಹುಂಜವನ್ನು ಗೂಡಿಗೆ ಬಿಡಬೇಡಿ. ನೋಡಲು ಗಟ್ಟಿಮುಟ್ಟಾದ ಹಕ್ಕಿಯೂ ರೋಗ ಹೊತ್ತು ತರಬಲ್ಲದು. 30 ದಿನ ದೂರದಲ್ಲಿ, ಬೇರೆಯೇ ಪಾತ್ರೆಗಳಲ್ಲಿ ನೀರು-ಮೇವು ಕೊಟ್ಟು ಸಾಕಿ. ಹಳೆಯ ಕೋಳಿಗಳ ಕೆಲಸ ಮುಗಿಸಿಯೇ ಅದರ ಹತ್ತಿರ ಹೋಗಿ. ಸೀನು, ನೀರಾದ ಹಿಕ್ಕೆ, ಪುಕ್ಕದ ಬುಡದಲ್ಲಿ ಹೇನು, ಕಾಲಿನ ಮೇಲೆದ್ದ ಹುರುಪೆ ಕಂಡರೆ ಮೊದಲು ಚಿಕಿತ್ಸೆ.

ಆಮೇಲೆ ಒಂದು ವಾರ ಜಾಲರಿಯ ಆಚೀಚೆ ಇರಲಿ. ನೋಡಲಿ, ಮುಟ್ಟದಿರಲಿ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬಾರದು.

ನಂತರ ವಿಶಾಲ ಅಂಗಳದಲ್ಲಿ ಬೆಳಗ್ಗೆಯೇ ಬಿಡಿ, ದಿನವಿಡೀ ಗಮನಿಸಬಹುದು. ಮೇವನ್ನು ಎರಡು ಕಡೆ ಇಡಿ. ರೆಕ್ಕೆ ಇಳಿಸಿ ಸುತ್ತುವುದು, ಒಂದೆರಡು ಕುಕ್ಕು ಸಹಜ. ರಕ್ತ ಕಂಡರೆ ತಕ್ಷಣ ಬೇರ್ಪಡಿಸಿ, ಗಾಯದ ಕೆಂಪು ಕಂಡಲ್ಲಿಗೆ ಉಳಿದವೂ ಮುಗಿಬೀಳುತ್ತವೆ. ಒಂದು ಹುಂಜಕ್ಕೆ 8–10 ಹೇಂಟೆಗಳಿರಲಿ; ಕಡಿಮೆಯಾದರೆ ಹುಂಜ ಪದೇ ಪದೇ ಮೇಲೇರಿ ಅವುಗಳ ಬೆನ್ನು ಬೋಳಾಗುತ್ತದೆ.