ಅಯೋವಾದ ಹೊಲದಿಂದ ಜರ್ಮನಿಯ ಹಳ್ಳಿಗೆ: ರೈತ ಹಿರಿಯರ ಜಾಡು ಹಿಡಿಯುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಸೀಮೆ ಬಿಟ್ಟು ಹಡಗು ಹತ್ತಿದವರಲ್ಲಿ ಬಹಳ ಮಂದಿ ಅಮೆರಿಕದ ಅಯೋವಾ, ವಿಸ್ಕಾನ್ಸಿನ್, ಇಲಿನಾಯ್ ರಾಜ್ಯಗಳ ಕಡೆ ಜಮೀನು ಮಾಡಿಕೊಂಡು ನೆಲೆ ನಿಂತರು. ಅಂಥ ರೈತನೊಬ್ಬನ ಹಿನ್ನೆಲೆ ಹುಡುಕುವ ಅನೇಕರು ಮೊದಲು ಕೈ ಹಾಕುವುದು ಹಡಗಿನ ಪ್ರಯಾಣಿಕರ ಪಟ್ಟಿಗೆ. ಅದು ಕೊನೆಗಿರಲಿ. ಜೊಹಾನ್ ಷ್ಮಿಟ್ ಎಂಬ ಹೆಸರಿನವರು ಆ ಪಟ್ಟಿಗಳಲ್ಲಿ ರಾಶಿ ರಾಶಿ ಸಿಗುತ್ತಾರೆ. ನಿಮ್ಮವನು ಯಾರೆಂದು ಗುರುತಿಸಲು ಅವನ ಹೆಂಡತಿ ಮಕ್ಕಳ ಹೆಸರು, ಹುಟ್ಟೂರು ಮೊದಲೇ ತಿಳಿದಿರಬೇಕು.

ಹುಡುಕಾಟ ಸಾವಿನಿಂದ ಹುಟ್ಟಿನತ್ತ ಸಾಗಲಿ. ಸಮಾಧಿಯ ಕಲ್ಲು, ಮರಣ ಪ್ರಮಾಣಪತ್ರ, ಸ್ಥಳೀಯ ಪತ್ರಿಕೆಯ ನಿಧನ ವಾರ್ತೆ, ಇವನ್ನು ಕೂಡಿಸಿಕೊಂಡು ಜನಗಣತಿಗೆ ಬನ್ನಿ. ಅಮೆರಿಕದಲ್ಲಿ ಗಣತಿಯ ಹಾಳೆಗಳನ್ನು 72 ವರ್ಷಗಳ ನಂತರ ಬಹಿರಂಗಪಡಿಸುತ್ತಾರೆ. ಸದ್ಯ 1950ರವರೆಗಿನವು ಸಿಗುತ್ತವೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.

1900ರ ಹಾಳೆಯನ್ನು ಮಾತ್ರ ನಿಧಾನವಾಗಿ ಓದಿ. ಹುಟ್ಟಿದ ತಿಂಗಳು, ವರ್ಷ, ವಲಸೆ ಬಂದ ವರ್ಷ ಅದರಲ್ಲಿವೆ. ತಾಯಿಯ ಹೆಸರಿನ ಮುಂದೆ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಎರಡು ಅಂಕಿಗಳೂ ಇರುತ್ತವೆ. ಒಂಬತ್ತು ಮತ್ತು ಆರು ಎಂದಿದ್ದರೆ, ಆ ಮನೆ ಮೂರು ಮಕ್ಕಳನ್ನು ಕಳೆದುಕೊಂಡಿದೆ. ಅವರನ್ನೂ ಹುಡುಕಿ, ವಂಶವೃಕ್ಷದಲ್ಲಿ ಅವರಿಗೂ ಜಾಗ ಕೊಡಿ. 1890ರ ಗಣತಿಯ ಬಹುಪಾಲು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದಾಗಿ ಇಲ್ಲವಾಗಿದೆ. ಅಯೋವಾದವರಾದರೆ ರಾಜ್ಯವೇ ನಡೆಸಿದ 1885, 1895ರ ಗಣತಿ ಆ ಕೊರತೆ ತುಂಬುತ್ತದೆ. 1925ರದ್ದರಲ್ಲಿ ತಾಯಿಯ ತವರಿನ ಮನೆತನದ ಹೆಸರೂ ಸಿಗುತ್ತದೆ.

ಬೇಸಾಯದ ಲೆಕ್ಕವನ್ನು ಮರೆಯಬೇಡಿ. 1850ರಿಂದ 1880ರವರೆಗೆ ಜನಗಣತಿಯ ಜೊತೆಗೇ ಕೃಷಿ ಗಣತಿಯೂ ನಡೆಯಿತು. ಹಸನು ಮಾಡಿದ ಜಮೀನೆಷ್ಟು ಎಕರೆ, ಕುದುರೆಗಳೆಷ್ಟು, ಕರೆಯುವ ಹಸುಗಳೆಷ್ಟು, ಬೆಳೆದ ಗೋಧಿಯೆಷ್ಟು, ಮನೆಯಲ್ಲಿ ತೆಗೆದ ಬೆಣ್ಣೆ ಎಷ್ಟು ಪೌಂಡ್ ಎಂದು ಒಬ್ಬೊಬ್ಬ ರೈತನ ಹೆಸರಿನ ಮುಂದೆ ಬರೆದಿರುತ್ತಾರೆ. 1870 ಮತ್ತು 1880ರ ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ಹತ್ತು ವರ್ಷದ ದುಡಿಮೆ ಕಣ್ಣಿಗೆ ಕಟ್ಟುತ್ತದೆ. ಜಮೀನಿನ ಕ್ರಯಪತ್ರಗಳು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿರುತ್ತವೆ. ನೆಬ್ರಾಸ್ಕಾ, ಕ್ಯಾನ್ಸಸ್ ಕಡೆ ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಪಡೆದವನಾದರೆ ಅವನ ಕಡತವನ್ನು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಿಂದ ತರಿಸಿ. ವಲಸಿಗನಾಗಿದ್ದರೆ ಪೌರತ್ವದ ಕಾಗದವೂ ಅದರಲ್ಲಿರುವ ಸಾಧ್ಯತೆ ಹೆಚ್ಚು.

ಇಷ್ಟಾದರೂ ಹುಟ್ಟೂರು ಸಿಕ್ಕಿರುವುದಿಲ್ಲ. ಗಣತಿಯವರು ‘ಪ್ರಷ್ಯ’ ಎಂದೋ ‘ಹ್ಯಾನೋವರ್’ ಎಂದೋ ಆಗಿನ ಜರ್ಮನ್ ರಾಜ್ಯದ ಹೆಸರನ್ನಷ್ಟೇ ಬರೆದು ಮುಗಿಸಿರುತ್ತಾರೆ. 1871ಕ್ಕೆ ಮೊದಲು ಜರ್ಮನಿ ಒಂದೇ ದೇಶವಾಗಿರಲಿಲ್ಲ. ಹಳ್ಳಿಯ ಹೆಸರು ಸಿಗುವುದಿದ್ದರೆ ಹೆಚ್ಚಾಗಿ ಅವರು ಅಮೆರಿಕದಲ್ಲಿ ಸೇರಿದ್ದ ಚರ್ಚಿನ ಪುಸ್ತಕದಲ್ಲೇ. ಲುಥೆರನ್, ಕ್ಯಾಥೊಲಿಕ್ ಪಾದ್ರಿಗಳು ಮದುವೆ, ಶವಸಂಸ್ಕಾರಗಳನ್ನು ದಾಖಲಿಸುವಾಗ ಎಷ್ಟೋ ಕಡೆ ಹುಟ್ಟೂರನ್ನೂ ಬರೆದಿಟ್ಟಿದ್ದಾರೆ. ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಅಕ್ಷರಗಳನ್ನು ಕಲಿಯದೆ ಅವನ್ನು ಓದಲಾಗದು. ಕಲಿತ ಶ್ರಮ ವ್ಯರ್ಥವಾಗುವುದಿಲ್ಲ. ನಿಮ್ಮವನ ಸಾಲಿನಲ್ಲಿ ಊರು ಇಲ್ಲದಿದ್ದರೆ ಅವನ ತಮ್ಮ ತಂಗಿಯರ, ನೆರೆಹೊಲದವರ, ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರ ಸಾಲು ನೋಡಿ. ಒಂದೇ ಹಳ್ಳಿಯವರು ಗುಂಪಾಗಿ ಬಂದು ಒತ್ತಿನಲ್ಲೇ ನೆಲೆಸಿದ್ದು ಅಪರೂಪವಲ್ಲ.

ಹೆಸರಿನಲ್ಲೂ ಎಚ್ಚರ ಬೇಕು. ದೀಕ್ಷಾಸ್ನಾನದಲ್ಲಿ ಜೊಹಾನ್ ಹೈನ್‌ರಿಷ್ ಆದವನನ್ನು ಮನೆಯಲ್ಲಿ ಹೈನ್‌ರಿಷ್ ಎಂದು ಕರೆದಿರಬಹುದು, ಗಣತಿಯಲ್ಲಿ ಅವನೇ ಹೆನ್ರಿ. ಮನೆಯವರು ಹಳೆಯ ಊರಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ ಎಂದಾದರೆ 1918ನ್ನು ನೆನೆಯಿರಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಅಮೆರಿಕದ ವೈರಿಯಾಗಿದ್ದ ಆ ವರ್ಷ ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಚರ್ಚಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದರು. ತಾಯ್ನುಡಿಯಲ್ಲಿ ಪ್ರಾರ್ಥಿಸಲೂ ಅಂಜಬೇಕಾದ ಕಾಲ ಅದು.

ಹಳ್ಳಿ ಗೊತ್ತಾದ ಮೇಲೆ ಹಡಗಿನ ಪಟ್ಟಿಗೆ ಬನ್ನಿ. ಬ್ರೆಮೆನ್ ಬಂದರಿನ ಪಟ್ಟಿಗಳು ಬಹುತೇಕ ಹಾಳಾಗಿವೆ. ಹ್ಯಾಂಬರ್ಗ್‌ನವು 1850ರಿಂದ ಉಳಿದಿವೆ, ಪ್ರಯಾಣಿಕರ ಊರನ್ನೂ ಹೇಳುತ್ತವೆ. ಒಂದೇ ಹೆಸರಿನ ಹಳ್ಳಿಗಳು ಹಲವಿರುವುದರಿಂದ ಹಳೆಯ ಜರ್ಮನ್ ಸಾಮ್ರಾಜ್ಯದ ಊರುಗಳ ಕೋಶವಾದ ಮೇಯರ್ಸ್ ಗೆಜೆಟಿಯರ್‌ನಲ್ಲಿ ಹುಡುಕಿ, ಊರಿನವರ ದೀಕ್ಷಾಸ್ನಾನ, ಮದುವೆಗಳು ದಾಖಲಾಗುತ್ತಿದ್ದ ಚರ್ಚ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಿಂದೆ ಜರ್ಮನಿಗೆ ಸೇರಿದ್ದ ಪೂರ್ವ ಪೊಮೆರೇನಿಯಾದ ಹಳ್ಳಿಯಾದರೆ ಅದು ಈಗ ಪೋಲೆಂಡಿನಲ್ಲಿದೆ. ಪೋಲಿಷ್ ಹೆಸರನ್ನು ಕಂಡುಕೊಂಡು ಅಲ್ಲಿನ ಸರ್ಕಾರಿ ದಾಖಲೆ ಸಂಗ್ರಹಾಲಯಗಳಲ್ಲೂ ವಿಚಾರಿಸಿ.