ಕತ್ತು ಮುರಿಯದ ಹ್ಯಾಂಗರ್: ಡೈ ಮಾಡಿಸುವ ಮುನ್ನ

ಮನೆಯಲ್ಲಿ ಮುರಿದ ಪ್ಲಾಸ್ಟಿಕ್ ಹ್ಯಾಂಗರ್ ಇದ್ದರೆ ತೆಗೆದು ನೋಡಿ. ಹೆಚ್ಚಾಗಿ ಎರಡೇ ಕಡೆ ಮುರಿದಿರುತ್ತದೆ. ಒಂದು, ಕೊಕ್ಕೆಯೂ ತೋಳುಗಳೂ ಸೇರುವ ಕತ್ತು. ಇನ್ನೊಂದು, ಪ್ಯಾಂಟ್ ಹಾಕುವ ಕೆಳಗಿನ ಕಡ್ಡಿಯ ನಟ್ಟನಡುವೆ. ಪೀಣ್ಯದಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತಾ ಇಂಥ ತುಂಡುಗಳನ್ನು ಚೀಲಗಟ್ಟಲೆ ನೋಡಿದ್ದೇನೆ. ತಂದವರೆಲ್ಲ ಕೇಳುವುದು ಒಂದೇ ಮಾತು: ‘ಸ್ವಲ್ಪ ದಪ್ಪ ಮಾಡಿಕೊಡಿ ಸಾರ್.’ ದಪ್ಪ ಮಾಡಿಸುತ್ತಾರೆ, ಖರ್ಚು ಜಾಸ್ತಿ ಆಗುತ್ತದೆ, ಹ್ಯಾಂಗರ್ ಮತ್ತೆ ಅಲ್ಲೇ ಮುರಿಯುತ್ತದೆ. ಹೊಸ ಡೈ, ಅಂದರೆ ಕರಗಿದ ಪ್ಲಾಸ್ಟಿಕ್ ತುಂಬಿಸುವ ಅಚ್ಚು, ಮಾಡಿಸಲು ಹೊರಟವರು ಹಣ ಕೊಡುವ ಮುನ್ನ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಭಾರದ ಲೆಕ್ಕ ಹಾಕಿ. ಹಿಂಡದೆ ನೇತುಹಾಕಿದ ಒದ್ದೆ ಜೀನ್ಸ್ ಸುಮಾರು 2 ಕಿಲೋ ತೂಗಬಹುದು. ಒಂದೊಂದು ತೋಳಿಗೆ 1 ಕಿಲೋ. ಆ ಭಾರ ಮಧ್ಯದಿಂದ 10 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತೋಳು 4 ಮಿಲಿಮೀಟರ್ ದಪ್ಪ, 14 ಮಿಲಿಮೀಟರ್ ಎತ್ತರದ ಪಟ್ಟಿಯಾದರೆ ಬುಡದಲ್ಲಿ 7ರಿಂದ 8 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ) ಒತ್ತಡ ಬೀಳುತ್ತದೆ. ಹ್ಯಾಂಗರಿಗೆ ಬಳಸುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ 30 ಮೆಗಾಪಾಸ್ಕಲ್‌ವರೆಗೂ ತಡೆಯುತ್ತದಲ್ಲ ಎಂದು ಸುಮ್ನೆ ಕೂರಬೇಡಿ. ಆ ಅಂಕಿ ಕೆಲವು ನಿಮಿಷದ ಪರೀಕ್ಷೆಯದು. ಹ್ಯಾಂಗರ್ ಭಾರ ಹೊರುವುದು ದಿನಗಟ್ಟಲೆ, ತಿಂಗಳುಗಟ್ಟಲೆ. ಅಷ್ಟು ಹೊತ್ತು ಭಾರ ಹೊತ್ತ ಪ್ಲಾಸ್ಟಿಕ್ ನಿಧಾನವಾಗಿ ಜೋಲುತ್ತದೆ. ಅದಕ್ಕೇ ನಾನು 8 ಮೆಗಾಪಾಸ್ಕಲ್ ಮೇಲೆ ಹೋಗುವುದೇ ಇಲ್ಲ.

ಬಲ ಬೇಕಾದರೆ ದಪ್ಪ ಬೇಡ, ಎತ್ತರ ಹೆಚ್ಚಿಸಿ. ದಪ್ಪವನ್ನು 4ರಿಂದ 8ಕ್ಕೆ ಏರಿಸಿದರೆ ಬಲ ಎರಡು ಪಟ್ಟು, ಮಾಲೂ ಎರಡು ಪಟ್ಟು. ತಣಿಯುವ ಸಮಯ ಮಾತ್ರ ಸುಮಾರು ನಾಲ್ಕು ಪಟ್ಟು. ಎತ್ತರವನ್ನು 14ರಿಂದ 20ಕ್ಕೆ ಏರಿಸಿದರೂ ಬಲ ಎರಡು ಪಟ್ಟಾಗುತ್ತದೆ, ಮಾಲು ಒಂದೂವರೆ ಪಟ್ಟೂ ಆಗುವುದಿಲ್ಲ. ಇನ್ನೂ ಒಳ್ಳೆಯದು ಇಂಗ್ಲಿಷಿನ ‘ಐ’ ಅಕ್ಷರದ ಆಕಾರ. ಮೇಲೆ ಕೆಳಗೆ 8 ಮಿಲಿಮೀಟರ್ ಅಗಲದ, 2 ಮಿಲಿಮೀಟರ್ ದಪ್ಪದ ಪಟ್ಟಿ, ನಡುವೆ 2 ಮಿಲಿಮೀಟರ್ ಗೋಡೆ, ಒಟ್ಟು ಎತ್ತರ 14. ಮೊದಲು ಹೇಳಿದ ಪಟ್ಟಿಗಿಂತ ಮಾಲು ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ, ಬಲ ಮಾತ್ರ ಶೇ 45ರಷ್ಟು ಹೆಚ್ಚು. ಮೇಲಿನ ಪಟ್ಟಿಯ ಅಂಚನ್ನು ದುಂಡಗೆ ಮಾಡಿಸಿ. ಶರ್ಟಿನ ಹೆಗಲಲ್ಲಿ ಉಬ್ಬು ಏಳುವುದಿಲ್ಲ.

ಈಗ ಕತ್ತು. ಹೆಚ್ಚಿನವರು ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಭಾರ ಬಿದ್ದಾಗ ತೋಳುಗಳು ಕೆಳಗೆ ಬಾಗುತ್ತವೆ. ಆಗ ತೋಳಿನ ಮೇಲ್ಭಾಗ ಹಿಗ್ಗುತ್ತದೆ, ಕೆಳಭಾಗ ಕುಗ್ಗುತ್ತದೆ. ಬಿರುಕು ಹುಟ್ಟುವುದು ಹಿಗ್ಗುವ ಕಡೆ. ಅಂದರೆ ಕತ್ತು ಹೆಗಲಿನಿಂದ ಮೇಲೇಳುವ ಎಡ ಬಲದ ಎರಡು ಮೂಲೆಗಳಲ್ಲಿ. ಈ ಮೂಲೆಗಳು ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಒಟ್ಟುಗೂಡುತ್ತದೆ. ಅವಕ್ಕೆ ಕನಿಷ್ಠ 6 ಮಿಲಿಮೀಟರ್ ರೇಡಿಯಸ್, ಅಂದರೆ ದುಂಡನೆಯ ತಿರುವು, ಕೊಡಿ. ‘ಐ’ ಆಕಾರದ ಒಳಮೂಲೆಗಳಿಗೆ ಗೋಡೆ ದಪ್ಪದ ಅರ್ಧ, ಅಂದರೆ 1 ಮಿಲಿಮೀಟರ್, ಸಾಕು. ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಡ್ರಾಯಿಂಗಿನಲ್ಲಿ ಅಂಕಿ ಬರೆಸಿ. ಬರೆಯದ ರೇಡಿಯಸ್ಸನ್ನು ಡೈ ತಯಾರಿಸುವ ಟೂಲ್ ರೂಮಿನಲ್ಲಿ ಯಾರೂ ಕೊಡುವುದಿಲ್ಲ.

ಕತ್ತು ಗಟ್ಟಿಯಾಗಲಿ ಎಂದು ಅದನ್ನು ಘನವಾಗಿ ತುಂಬಿಸುವವರಿದ್ದಾರೆ. ದಯವಿಟ್ಟು ಬೇಡ. ದಪ್ಪ ಜಾಗ ಕೊನೆಗೆ ತಣಿಯುತ್ತದೆ, ಕುಗ್ಗುವಾಗ ಒಳಗೆ ಪೊಳ್ಳು ಬಿಡುತ್ತದೆ. ಹೊರಗೆ ಕಲ್ಲಿನಂತೆ ಕಾಣುತ್ತದೆ, ಗರಗಸದಲ್ಲಿ ಕೊಯ್ದರೆ ಒಳಗೆ ಗುಳ್ಳೆ. ಕತ್ತಿನಲ್ಲೂ ಅದೇ 2 ಮಿಲಿಮೀಟರ್ ಗೋಡೆ, ಅದೇ ಪಟ್ಟಿಗಳು ಮುಂದುವರಿಯಲಿ. ಎಲ್ಲೂ ಥಟ್ಟನೆ ದಪ್ಪ ಬದಲಾಗಬಾರದು.

ಮುಂದಿನದು ಗೇಟ್, ಅಂದರೆ ಕರಗಿದ ಮಾಲು ಡೈ ಒಳಗೆ ಹೋಗುವ ಬಾಗಿಲು. ತಿರುಗುವ ಸ್ಟೀಲ್ ಕೊಕ್ಕೆ ಕೂರಿಸಲು ಕತ್ತಿನಲ್ಲಿ ತೂತು ಬೇಕು, ಆ ತೂತಿಗೆ ಡೈನಲ್ಲಿ ಒಂದು ಪಿನ್ ಇರುತ್ತದೆ. ಪಕ್ಕದಿಂದ ಮಾಲು ಬಿಟ್ಟರೆ ಅದು ಪಿನ್ನಿಗೆ ಬಡಿದು ಎರಡಾಗಿ, ಆಚೆ ಬದಿಯಲ್ಲಿ ಮತ್ತೆ ಕೂಡುತ್ತದೆ. ಕೂಡಿದ ಗೆರೆಯೇ ವೆಲ್ಡ್ ಲೈನ್. ಅಂಟಿದಂತೆ ಕಂಡರೂ ಅಲ್ಲಿ ಬಲ ಕಡಿಮೆ. ತೂತಿನ ಉದ್ದಕ್ಕೂ ಆ ಗೆರೆ ನಿಂತರೆ ಕೊಕ್ಕೆ ಒತ್ತಿದ ಕೂಡಲೇ ಕತ್ತು ಸೀಳುತ್ತದೆ. ಹಾಗಾಗಿ ಗೇಟನ್ನು ಎರಡು ತೋಳು ಕೂಡುವ ಮಧ್ಯದಲ್ಲಿ, ತಳಭಾಗಕ್ಕೆ ಇಡಿ. ಮಾಲು ಪಿನ್ನಿನ ತುದಿಯಿಂದ ಸುತ್ತಲೂ ಸಮನಾಗಿ ಮೇಲೇರುತ್ತದೆ. ಗೇಟ್ ಕತ್ತರಿಸಿದ ಗಾಯವೂ ಕುಗ್ಗುವ ಬದಿಯಲ್ಲೇ ಉಳಿಯುತ್ತದೆ. ಕತ್ತಿನ ತುದಿಯಲ್ಲಿ ಗಾಳಿ ಹೋಗಲು 0.02 ಮಿಲಿಮೀಟರಿನ ಸಂದು ಬಿಡಿಸಿ.

ಕೆಳಗಿನ ಕಡ್ಡಿಯ ಕಥೆಯೂ ಇದೇ. ಎರಡು ತೋಳುಗಳಿಂದ ಬಂದ ಮಾಲು ಕಡ್ಡಿಯ ನಡುವೆ ಸಂಧಿಸುತ್ತದೆ. ಜೀನ್ಸ್ ಭಾರದಿಂದ ಅತಿ ಹೆಚ್ಚು ಬಾಗುವುದೂ ಅದೇ ಜಾಗ! ಒಂದು ಬದಿಯ ಗೋಡೆಯನ್ನು 0.2 ಅಥವಾ 0.3 ಮಿಲಿಮೀಟರ್ ದಪ್ಪ ಮಾಡಿಸಿ. ಆ ಕಡೆಯ ಮಾಲು ಬೇಗ ಓಡಿ ಗೆರೆ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ತಿಳಿಯಲು, ಟ್ರಯಲ್ ದಿನ ಡೈಯನ್ನು ಪೂರ್ತಿ ತುಂಬಿಸದೆ ಶೇ 70, 80, 90ರಷ್ಟು ತುಂಬಿಸಿ ಒಂದೊಂದು ತೆಗೆಯಿರಿ. ಎರಡು ತುದಿ ಎಲ್ಲಿ ಭೇಟಿಯಾಗುತ್ತವೆ ಎಂದು ಕಣ್ಣಿಗೇ ಕಾಣುತ್ತದೆ.

ಮಾಲು ಯಾವುದು? ನನ್ನ ಮಟ್ಟಿಗೆ ಪಾಲಿಪ್ರೊಪಿಲೀನ್ ಕೋಪಾಲಿಮರ್ ಒಂದೇ. ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನ್ ಹ್ಯಾಂಗರ್ ಅಂಗಡಿಯಲ್ಲಿ ಬಟ್ಟೆ ತೋರಿಸಲು ಸರಿ, ಮನೆಗೆ ಬೇಡ. ಕೈಜಾರಿ ಬಿದ್ದರೆ ಚೂರಾಗುತ್ತದೆ. ಸೀಮೆಸುಣ್ಣದ ಪುಡಿ ಬೆರೆಸಿದ ಅಗ್ಗದ ಮಾಲನ್ನೂ ಮುಟ್ಟಬೇಡಿ. ಒಂದು ತುಂಡನ್ನು ನೀರಿಗೆ ಹಾಕಿ. ಶುದ್ಧ ಪಾಲಿಪ್ರೊಪಿಲೀನ್ ತೇಲುತ್ತದೆ, ಪುಡಿ ಜಾಸ್ತಿ ಇದ್ದರೆ ಮುಳುಗುತ್ತದೆ. ಬಾಲ್ಕನಿಯಲ್ಲಿ ಬಿಸಿಲಿಗೆ ಇಡುವ ಹ್ಯಾಂಗರಿಗೆ ಯುವಿ ಸ್ಟೆಬಿಲೈಸರ್ (ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗದಂತೆ ಬೆರೆಸುವ ರಾಸಾಯನಿಕ) ಹಾಕಿಸಿ, ಬಣ್ಣ ಕಪ್ಪಾಗಿದ್ದರೆ ಇನ್ನೂ ಒಳ್ಳೆಯದು.

ಕೊನೆಗೆ ಪರೀಕ್ಷೆ. ಮೆಷಿನ್‌ನಿಂದ ಬಂದ ತಕ್ಷಣ ಬೇಡ, ಎರಡು ದಿನ ಬಿಡಿ. ಪಾಲಿಪ್ರೊಪಿಲೀನ್ ಆಮೇಲೂ ಸ್ವಲ್ಪ ಕುಗ್ಗುತ್ತಿರುತ್ತದೆ. ಆಮೇಲೆ ಪ್ರತಿ ತೋಳಿಗೆ 2 ಲೀಟರಿನ ನೀರಿನ ಬಾಟಲಿ ಕಟ್ಟಿ ಒಂದು ರಾತ್ರಿ ತೂಗುಹಾಕಿ. ಬೆಳಗ್ಗೆ ತುದಿಗಳು ಎಷ್ಟು ಇಳಿದಿವೆ ಅಳೆಯಿರಿ. ಮುರಿದರೆ ಮುರಿದ ಮುಖ ನೋಡಿ. ನಯವಾಗಿ ಹೊಳೆಯುತ್ತಿದ್ದರೆ ಅದು ವೆಲ್ಡ್ ಲೈನ್, ಗೇಟನ್ನೂ ಗಾಳಿ ಸಂದನ್ನೂ ಸರಿಪಡಿಸಿ. ಎಳೆದು ಬೆಳ್ಳಗಾಗಿದ್ದರೆ ಭಾರ ತಾಳಲಿಲ್ಲ ಎಂದರ್ಥ, ತೋಳಿನ ಎತ್ತರ ಹೆಚ್ಚಿಸಿ. ಒಳಗೆ ಪೊಳ್ಳು ಕಂಡರೆ ಕತ್ತಿನ ಡ್ರಾಯಿಂಗನ್ನು ಮತ್ತೆ ತೆರೆಯಿರಿ.