ಸ್ಟಾಫ್‌ರೂಮಿನಲ್ಲಿ ಎಲ್ಲ ಜನದ ಮೇಷ್ಟ್ರೂ ಇರಬೇಕಾದರೆ: ಕೋಲಾರ ಸೀಮೆಯ ಡಿಗ್ರಿ ಕಾಲೇಜುಗಳಿಗೆ

ಉಪನ್ಯಾಸಕರ ನೇಮಕಾತಿಯ ವಿಷಯ ಬಂದಾಗ ‘ಬೇರೆ ಜಾತಿಯವರು ಅರ್ಜೀನೇ ಹಾಕಲ್ಲ’ ಎನ್ನುವ ಮಾತು ಆಡಳಿತ ಮಂಡಳಿಗಳಲ್ಲಿ ಸಾಮಾನ್ಯ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರೇ ಸುಮಾರು ಶೇ 30ರಷ್ಟಿದ್ದಾರೆ. ಹಾಗಿದ್ದೂ ಅರ್ಜಿ ಬಂದಿಲ್ಲವೆಂದರೆ ಜಾಹೀರಾತು ಅವರನ್ನು ಮುಟ್ಟಿಲ್ಲ, ಅಷ್ಟೇ.

ಮೊದಲು ಖಾಲಿ ಹುದ್ದೆಗಳನ್ನು ಎಣಿಸಿ. ಆದರೆ ವಿಭಾಗವಾರು ಬೇಡ. ಕೇಂದ್ರದ ರೋಸ್ಟರ್‌ನಲ್ಲಿ, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿಯಲ್ಲಿ, 4ನೇ ಹುದ್ದೆ ಒಬಿಸಿಗೆ, 7ನೆಯದು ಪರಿಶಿಷ್ಟ ಜಾತಿಗೆ, 14ನೆಯದು ಪರಿಶಿಷ್ಟ ಪಂಗಡಕ್ಕೆ. ಆರು ಮಂದಿಯ ಕನ್ನಡ ವಿಭಾಗವನ್ನೇ ಒಂದು ಘಟಕ ಮಾಡಿದರೆ ದಲಿತರ ಸರದಿ ಬರುವುದೇ ಇಲ್ಲ. ಬೋಧಕ ಹುದ್ದೆಗಳ ಮೀಸಲಾತಿಗೆಂದು ಬಂದ 2019ರ ಕೇಂದ್ರ ಕಾಯ್ದೆ ಇಡೀ ಸಂಸ್ಥೆಯನ್ನು ಒಂದು ಘಟಕ ಮಾಡಿದ್ದು ಇದಕ್ಕೇ. ಅದು ಕೇಂದ್ರೀಯ ಸಂಸ್ಥೆಗಳಿಗೆ ಮಾತ್ರ. ಆದರೂ ಆ ಲೆಕ್ಕದ ಕ್ರಮವನ್ನು ನೀವೂ ಅನುಸರಿಸಬಹುದು.

ಜಾಹೀರಾತಿಗೆ ಕನಿಷ್ಠ ಮೂರು ವಾರ ಕೊಡಿ. ಟಮಕದ ಬೆಂಗಳೂರು ಉತ್ತರ ವಿವಿ, ತುಮಕೂರು ವಿವಿಗಳ ಸ್ನಾತಕೋತ್ತರ ವಿಭಾಗ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌, ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ವಾಟ್ಸಾಪ್ ಗುಂಪು, ಎಲ್ಲ ಕಡೆಗೂ ಕಳಿಸಿ. ಸ್ನಾತಕೋತ್ತರದಲ್ಲಿ ಬೇಕಾದ ಶೇ 55 ಅಂಕದಲ್ಲಿ ಮೀಸಲು ವರ್ಗಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಟ್ಟ ಶೇ 5ರ ವಿನಾಯಿತಿಯನ್ನು, ಅಂದರೆ ಶೇ 50 ಸಾಕು ಎಂಬುದನ್ನು, ಅಚ್ಚು ಹಾಕಿಸಿ. ಇಲ್ಲದಿದ್ದರೆ ಶೇ 52 ಇದ್ದು ಕೆ-ಸೆಟ್ (ಉಪನ್ಯಾಸಕರ ರಾಜ್ಯ ಅರ್ಹತಾ ಪರೀಕ್ಷೆ) ಪಾಸಾದವರು ತಮಗಲ್ಲವೆಂದು ಸುಮ್ಮನಾಗುತ್ತಾರೆ. ಹಿಂದುಳಿದ ವರ್ಗದವರ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಅರ್ಜಿ ತಳ್ಳಬೇಡಿ. ಕೆಲಸಕ್ಕೆ ಸೇರುವುದರೊಳಗೆ ನಾಡಕಚೇರಿಯಿಂದ ಹೊಸದು ತರಲು ಹೇಳಿ.

ಕೆಡುವುದು ಹೆಚ್ಚಾಗಿ ಸಂದರ್ಶನದಲ್ಲಿ. ‘ಯಾವೂರು? ಯಾರ ಮನೆಯವರು?’ ಎಂದು ಶುರುವಾದರೆ ಉಳಿದದ್ದು ನಾಟಕ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪಾಠ ಮಾಡಲು ಕೊಡಿ, 20 ನಿಮಿಷ. ವಿಷಯಜ್ಞಾನ, ವಿವರಣೆ, ಪ್ರಶ್ನೆಗೆ ಉತ್ತರ: ಇಷ್ಟಕ್ಕೆ ಅಂಕ. ಸಂದರ್ಶನ ಸಮಿತಿಯ ಪ್ರತಿ ಸದಸ್ಯರೂ ಪರಸ್ಪರ ಮಾತಾಡುವ ಮೊದಲೇ ಹಾಳೆಗೆ ಅಂಕ ಬರೆದು ಸಹಿ ಹಾಕಲಿ. ಮಾಲೂರು, ಶ್ರೀನಿವಾಸಪುರದ ತೆಲುಗು ಬೆರೆತ ಕನ್ನಡಕ್ಕೆ ಅಂಕ ಕಳೆಯಬೇಡಿ. ಮುಂದೆ ಕೂರುವ ಮಕ್ಕಳ ಮಾತೂ ಅದೇ.

ಸೇರಿಸಿಕೊಂಡ ಮೇಲೆ ಬಾಡಿಗೆ ಮನೆಯ ಸಮಸ್ಯೆ. ‘ನೀವು ಯಾವ ಜನ?’ ಎಂದು ಕೇಳಿ ಬಾಗಿಲು ಹಾಕುವ ಓನರ್‌ಗಳು ಪೇಟೆಯಲ್ಲಿ ಇನ್ನೂ ಇದ್ದಾರೆ. ಮನೆ ಹುಡುಕಲು ಕಾಲೇಜಿನ ಕಾರ್ಯದರ್ಶಿಯೇ ಜತೆಗೆ ಹೋಗಲಿ. ಸ್ಕಾಲರ್‌ಶಿಪ್ ಕೆಲಸ, ಹಾಸ್ಟೆಲ್ ವಾರ್ಡನ್‌ಗಿರಿ ಎಲ್ಲವನ್ನೂ ಹೊಸಬರ ತಲೆಗೇ ಕಟ್ಟಬೇಡಿ, ಪಿಎಚ್‌.ಡಿ.ಗೆ ಬಿಡುವು ಸಿಗದೆ ಎರಡೇ ವರ್ಷಕ್ಕೆ ಬಿಟ್ಟು ಹೋಗುತ್ತಾರೆ.